ಪೇಪರ್ ಕಳ್ಳಿಯ ಮೇಲೆ ದೂರು

“ಎಷ್ಟು ದಿನ ಮುಟ್ಟಾಗುತ್ತೆ? ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸ್ತೀಯ?” ಡಾಕ್ಟರ್ ಕೇಳಿದರು.

“ಮಾಮೂಲಿ,” ಎಂದಳು ಅಕ್ಕ.

“ರಕ್ತದ ಬಣ್ಣ?”

“ಮಾಮೂಲಿ.”

“ಗಡ್ಡೆ ಗಡ್ಡೆಯಾಗಿ ಹೋಗುತ್ತಾ?”

“ಮಾಮೂಲಿ, ಮೇಡಂ.”

ಪಕ್ಕದ ಸ್ಟೂಲಿನಲ್ಲಿದ್ದ ತಂಗಿಗೆ, ಮನೆಯವರೆಲ್ಲ ‘ಪಟಾಕಿ’ ಎಂದು ಕರೆಯುವವಳಿಗೆ, ಆಶ್ಚರ್ಯವೋ ಆಶ್ಚರ್ಯ. ನಿನ್ನೆ ಮನೆಯಲ್ಲಿ ಅಜ್ಜಿ ಕೇಳಿದ್ದೂ ಇವೇ ಪ್ರಶ್ನೆಗಳು! ಅಜ್ಜಿ ಆಯುರ್ವೇದ ಪಂಡಿತೆ. “ಕಲೆ ತೊಳೆದ್ರೆ ಹೋಗುತ್ತಾ?” ಎಂದು ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ದರು, ಅಷ್ಟೇ. ಉತ್ತರ ಸಿಗದೆ, ಇವತ್ತು ಇಬ್ಬರನ್ನೂ ಸ್ಕೂಲಿನಿಂದ ನೇರ ಇಲ್ಲಿಗೆ ಕರೆತಂದಿದ್ದರು.

“ಅಜ್ಜಿ, ಕ್ವೆಶ್ಚನ್ ಪೇಪರ್ ಲೀಕ್ ಆಗಿದೆ,” ಪಟಾಕಿ ಪಿಸುಗುಟ್ಟಿದಳು.

“ಆದ್ರೂ ನಿಮ್ಮಕ್ಕ ಫೇಲೇ,” ಎಂದರು ಅಜ್ಜಿ. “ಮೈಯೊಳಗೆ ಏನಾಗಿದೆ ಅಂತ ಆ ರಕ್ತ ಹೇಳುತ್ತೆ. ಇವಳು ಬಾಯಿ ಬಿಡಲ್ಲ.”

ಅಕ್ಕ ಎಂಟನೇ ಕ್ಲಾಸು, ರಿಲೇ ಟೀಮಿನ ಕ್ಯಾಪ್ಟನ್. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸೋಮವಾರ ಮೈದಾನದಲ್ಲೇ ತಲೆ ಸುತ್ತಿ ಕೂತುಬಿಟ್ಟಿದ್ದಳು.

“ಪ್ಯಾಡನ್ನ ಪೇಪರಲ್ಲಿ ಸುತ್ತಿ ಬಿಸಾಡ್ತೀಯಲ್ಲ, ದಿನಕ್ಕೆ ಎಷ್ಟು ಹಾಳೆ ಬೇಕಾಗುತ್ತೆ? ಅಂದಾಜು ಹೇಳು,” ಎಂದರು ಡಾಕ್ಟರ್.

ಪೇಪರ್! ಪಟಾಕಿ ಸ್ಟೂಲಿನಿಂದ ಬೀಳುವುದೊಂದು ಬಾಕಿ.

ರಾಕೆಟ್ ಮಾಡಲು ಅವಳು ಹಳೇ ಪೇಪರ್ ಕೂಡಿಡುತ್ತಿದ್ದಳು. ತಿಂಗಳಲ್ಲಿ ಕೆಲವು ದಿನ ಅದು ಮಂಗಮಾಯ! ಕದಿಯುವುದು ಅಕ್ಕ ಎಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಅಮ್ಮನಿಗೆ ದೂರು ಕೊಡಲು ಸಾಕ್ಷಿ ಬೇಕಲ್ಲ? ಪ್ರತಿ ಹಾಳೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಆ ಬುಕ್ಕು ಈಗ ಸ್ಕೂಲ್ ಬ್ಯಾಗಿನಲ್ಲೇ ಇತ್ತು.

ಅವಳ ಕೈ ಬ್ಯಾಗಿಗೆ ಹೋದದ್ದೇ ತಡ, ಅಕ್ಕ ಕಾಲು ತುಳಿದಳು. ನೋವೇ ಆಗಲಿಲ್ಲ. ಯಾವಾಗಲೂ ಜೀವ ಹೋಗುವ ಹಾಗೆ ತುಳಿಯುವ ಅಕ್ಕ! ಪಟಾಕಿ ತಲೆಯೆತ್ತಿ ನೋಡಿದಳು. ಅಕ್ಕನ ತುಟಿ ಬಿಳಿಚಿಕೊಂಡಿತ್ತು. ಪಟಾಕಿಗೆ ಹೆದರಿಕೆಯಾಯಿತು.

ಬುಕ್ಕನ್ನು ಮೇಜಿನ ಮೇಲೆ ಇಟ್ಟಳು.

“ಪೇಪರ್ ಕಳ್ಳಿಯ ಮೇಲೆ ದೂರು,” ಡಾಕ್ಟರ್ ಗಟ್ಟಿಯಾಗಿ ಓದಿದರು. “ಒಂದನೇ ತಾರೀಕು, ಎಂಟು ಹಾಳೆ. ಎರಡನೇ ತಾರೀಕು, ಒಂಬತ್ತು ಹಾಳೆ. ಕಳ್ಳಿಗೆ ನಾಚಿಕೆಯೇ ಇಲ್ಲ. ಒಂಬತ್ತನೇ ತಾರೀಕಿಗೂ ಐದು ಹಾಳೆ...” ನಗು ತಡೆದುಕೊಂಡು ಅಕ್ಕನನ್ನು ಕೇಳಿದರು: “ಒಂದು ಹಾಳೆಗೆ ಒಂದು ಪ್ಯಾಡಾ?”

ಅಕ್ಕ ಹೌದೆಂದು ತಲೆಯಾಡಿಸಿದಳು. “ಎಲ್ಲಾ ಪೂರ್ತಿ ನೆಂದಿರುತ್ತೆ. ಗಡ್ಡೆನೂ ಹೋಗುತ್ತೆ. ಹೇಳಿದ್ರೆ ಓಡೋಕೆ ಬಿಡಲ್ಲ ಅಂತ...” ಅಳು ಬಂದೇಬಿಟ್ಟಿತು.

“ಹೇಳದಿದ್ರೆ ಓಡೋಕೇ ಆಗಲ್ಲ ಕಣೇ,” ಎಂದು ಅಜ್ಜಿ ಬೆನ್ನು ಸವರಿದರು.

“ಒಂಬತ್ತು ದಿನ, ಇಷ್ಟೊಂದು ಪ್ಯಾಡ್. ಇದು ಜಾಸ್ತಿನೇ. ಮೊದಲು ಬ್ಲಡ್ ಟೆಸ್ಟ್ ಮಾಡಿಸೋಣ,” ಎಂದರು ಡಾಕ್ಟರ್. ಅಜ್ಜಿ ಒಂದೇ ಒಂದು ತಕರಾರಿಲ್ಲದೆ ಒಪ್ಪಿದರು. ಅಜ್ಜಿ ಒಪ್ಪಿದರೆಂದು ಆಮೇಲೆ ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ರಕ್ತ ಕಮ್ಮಿ ಎಂದು ಟೆಸ್ಟಿನಲ್ಲಿ ಬಂತು. ಮಾತ್ರೆ ಶುರುವಾಯಿತು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಬಚ್ಚಲಿನಿಂದ ಅಕ್ಕ ಕೂಗಿದಳು: “ಏಯ್, ಒಂದು ಪೇಪರ್ ಕೊಡೇ!”

ಮನೆಯಲ್ಲಿ ಉಳಿದಿದ್ದು ಒಂದೇ ಹಾಳೆ. ಅದು ಆಗಲೇ ರಾಕೆಟ್ ಆಗಿತ್ತು. ಪಟಾಕಿ ಅದರ ರೆಕ್ಕೆ ಬಿಚ್ಚಿ, ಮಡಿಕೆ ಸವರಿ, ಬಾಗಿಲ ಸಂದಿಯಿಂದ ಒಳಗೆ ತೂರಿಸಿದಳು.

ಆಮೇಲೆ ಬುಕ್ಕು ತೆಗೆದಳು. ‘ಪೇಪರ್ ಕಳ್ಳಿಯ ಮೇಲೆ ದೂರು’ ಎಂಬುದನ್ನು ಹೊಡೆದುಹಾಕಿ ‘ಅಕ್ಕ’ ಎಂದು ಬರೆದು, ಕೆಳಗೆ ಈ ತಿಂಗಳ ಲೆಕ್ಕದ ಮೊದಲನೇ ಗೀಟು ಎಳೆದಳು.