ಕೋರಾ ಕಟ್ಟಿದ ಏಳು ಗೋಪುರ

“ಬಿಸಿಲು ಆ ಬಿಳಿ ಪಟ್ಟೆ ಮುಟ್ಟೋದ್ರೊಳಗೆ ನಿಮ್ಮಮ್ಮ ಇಲ್ಲಿರ್ತಾಳೆ, ನೋಡ್ತಿರಿ,” ಎಂದರು ಆರಿನ್ ತಾತ. ಕೆಂಡದ ಮೇಲಿದ್ದ ಕಬ್ಬಿಣದ ಪಾತ್ರೆಯ ಮುಚ್ಚಳ ಎತ್ತಿ ಮೂಸಿ, ಮತ್ತೆ ಮುಚ್ಚಿದರು. ಪೀಚ್ ಹಣ್ಣು, ಬೆಣ್ಣೆ, ಸಕ್ಕರೆ ಒಟ್ಟಿಗೆ ಬೇಯುವ ಘಮ ಕಮರಿಯ ತುಂಬ ಹರಡಿತು.

“ಅಷ್ಟರೊಳಗೆ ಬರದಿದ್ರೆ ಅಮ್ಮನ ಪಾಲು ನಂದು,” ಎಂದ ಡಾಲಿನ್. “ಈ ಪಾತ್ರೆ ಹೊತ್ತು ಹೊತ್ತು ನನ್ನ ಒಂದು ಭುಜ ಕೆಳಗಿಳಿದಿದೆ. ನೋಡೇ ಕೋರಾ, ಸೊಟ್ಟ ಆಗಿದೆ ಅಲ್ವಾ?”

“ನೀನು ಮೊದಲಿಂದಲೂ ಸೊಟ್ಟಾನೇ,” ಎಂದಳು ಅವನ ತಂಗಿ.

ತಾತ ನಕ್ಕರು. ಎದುರಿನ ಕೆಂಪು ಬಂಡೆಗೋಡೆಯ ಮೇಲೆ ಸಂಜೆಯ ಬಿಸಿಲು ತುದಿಯ ಬಿಳಿ ಪಟ್ಟೆಯತ್ತ ಮೆಲ್ಲಗೆ ಹತ್ತುತ್ತಿತ್ತು. ಅದರ ಹಿಂದೆಯೇ ನೆರಳು, ಬೆಕ್ಕು ಇಲಿಯನ್ನು ಹಿಂಬಾಲಿಸುವ ಹಾಗೆ.

ಅಕ್ಟೋಬರ್‌ನ ರಜೆ ಬಂತೆಂದರೆ ಅಮೆರಿಕದ ಯೂಟಾ ರಾಜ್ಯದ ಅವರ ಊರಿನ ಅರ್ಧ ಜನ ಜಿಂಕೆ ಬೇಟೆಗೆ ಹೊರಡುತ್ತಿದ್ದರು. ತಾತ ಮಾತ್ರ ಟೆಂಟ್ ಕಟ್ಟಿಕೊಂಡು ಮರುಭೂಮಿಗೆ. ಪ್ರತಿ ವರ್ಷ ಹೊಸ ಕಮರಿ, ಪ್ರತಿ ವರ್ಷ ಅದೇ ಮಾತು: “ಇಲ್ಲಿ ಗೇಟಿಲ್ಲ, ಟಿಕೆಟ್ ಇಲ್ಲ, ಕೇಳೋರು ಹೇಳೋರು ಯಾರೂ ಇಲ್ಲ. ಒಂದೇ ಬಾಡಿಗೆ. ನಾವು ಬಂದುಹೋಗಿದ್ದು ಯಾರಿಗೂ ಗೊತ್ತಾಗಬಾರದು.”

ಅಮ್ಮನಿಗೆ ಊರಿನ ಹೋಟೆಲಿನಲ್ಲಿ ಮಧ್ಯಾಹ್ನದ ಪಾಳಿ. ಅದು ಮುಗಿದ ಮೇಲೆ ಕಾರಿನಲ್ಲಿ ಬಂದು, ತಾತನ ಟ್ರಕ್ಕಿನ ಪಕ್ಕ ನಿಲ್ಲಿಸಿ, ಅಲ್ಲಿಂದ ಒಬ್ಬಳೇ ನಡೆದು ಬರಬೇಕು. ಎದುರುಗೊಳ್ಳಲು ಯಾರೂ ಹೋಗುವುದಿಲ್ಲ. ಅದು ಆ ಮನೆಯ ಪದ್ಧತಿ. ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲವಲ್ಲ, ಅದಕ್ಕೇ ಮುಂದೆ ಹೋದವರು ಅಲ್ಲಲ್ಲಿ ಮೂರು ಕಲ್ಲು ಒಂದರ ಮೇಲೊಂದು ಇಡುತ್ತಾ ಹೋಗುತ್ತಾರೆ. ಹಿಂದೆ ಬರುವವರು ಆ ಗುರುತುಗಲ್ಲು ನೋಡಿಕೊಂಡು ಬರುತ್ತಾರೆ. ಅಮ್ಮ ಕೋರಾಳಷ್ಟಿದ್ದಾಗಿನಿಂದ ಹಾಗೇ ಬಂದವಳು.

“ತಾತ, ದಾರಿ ಎರಡಾಗೋ ಆ ಕವಲಲ್ಲಿ ಅಮ್ಮ ತಪ್ಪಿಬಿಟ್ರೆ?” ಡಾಲಿನ್ ಕೇಳಿದ.

“ತಪ್ಪೋಕೆ ಏನಿದೆಯೋ? ಬಲಗಡೆಗೇ ಮೂರು ಕಲ್ಲು ಇಟ್ಟಿದೀನಿ. ಮೇಲಿಂದು ಕರೀ ಕಲ್ಲು, ಪ್ಯಾನ್‌ಕೇಕ್ ಥರ ಚಪ್ಪಟೆ. ಕಣ್ಣು ಮುಚ್ಕೊಂಡು ಬಂದ್ರೂ ಕಾಣುತ್ತೆ.”

ಕೋರಾಳ ಕೈಯಲ್ಲಿದ್ದ ಚಮಚ ನಿಂತುಹೋಯಿತು.

ಆ ಕರೀ ಕಲ್ಲು ಕವಲಿನಲ್ಲಿ ಇರಲಿಲ್ಲ. ಅದು ಎಲ್ಲಿದೆ ಎಂದು ಇಡೀ ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಧ್ಯಾಹ್ನ ತಾತ ಮುಖದ ಮೇಲೆ ಹ್ಯಾಟು ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾಗ, ಡಾಲಿನ್ ಪುಸ್ತಕದಲ್ಲಿ ಮುಳುಗಿದ್ದಾಗ, ಅವಳು ಕವಲಿನ ತನಕ ಹೋಗಿದ್ದಳು. ಅಲ್ಲಿ ಎಡಗಡೆಗೆ ಒಂದು ಸಣ್ಣ ಕೊರಕಲು. ಅದರ ತುಂಬ ಕಲ್ಲುಗಳು! ಚಕ್ಕೆಯಂಥವು, ಮೊಟ್ಟೆಯಂಥವು, ಬ್ರೆಡ್ಡಿನ ಹೋಳಿನಂಥವು. ತೀರಿಹೋದ ಅಜ್ಜಿ ಹೇಳುತ್ತಿದ್ದ ಕತೆಯೊಂದು ಅವಳಿಗೆ ನೆನಪಾಗಿತ್ತು. ಆ ಕತೆಯ ರಾಣಿಗೆ ಏಳು ಗೋಪುರ. ಒಂದರ ಬುಡದಲ್ಲಿ ನಿಂತರೆ ಇನ್ನೊಂದರ ತುದಿ ಕಾಣಬೇಕು. ಇಲ್ಲದಿದ್ದರೆ ರಾಣಿಗೆ ಅರಮನೆ ಸಿಗುವುದಿಲ್ಲ.

ಕೋರಾ ಒಂದೊಂದೇ ಗೋಪುರ ಕಟ್ಟುತ್ತಾ ಕೊರಕಲಿನೊಳಗೆ ಮೇಲೆ ಮೇಲೆ ಹೋದಳು. ಒಂದರಿಂದ ಇನ್ನೊಂದು ಕಾಣುವ ಹಾಗೆ. ಏಳನೆಯದಕ್ಕೆ ಕಿರೀಟ ಬೇಕಾಯಿತು. ಎಷ್ಟು ಹುಡುಕಿದರೂ ಒಪ್ಪುವ ಕಲ್ಲು ಸಿಗಲಿಲ್ಲ. ಆಗ ತಾತನ ಗುರುತುಗಲ್ಲು ನೆನಪಾಯಿತು. ಮೇಲಿನದೊಂದೇ ತಾನೇ, ಕೆಳಗೆ ಇನ್ನೆರಡು ಇರುತ್ತವಲ್ಲ! ಓಡಿಹೋಗಿ ಅದನ್ನು ಎತ್ತಿದ್ದೇ ತಡ, ಉಳಿದೆರಡೂ ಉರುಳಿಬಿದ್ದವು. ‘ಆಮೇಲೆ ಜೋಡಿಸಿದರಾಯಿತು’ ಎಂದುಕೊಂಡಳು. ಮೇಲೆ ಹೋಗಿ ಕಿರೀಟ ಇಟ್ಟು ಇಳಿಯುವಷ್ಟರಲ್ಲಿ ಡಾಲಿನ್ ಸೀಟಿ ಊದಿ ಊಟಕ್ಕೆ ಕರೆದಿದ್ದ.

ಆ ‘ಆಮೇಲೆ’ ಬರಲೇ ಇಲ್ಲ.

ಈಗ ಕೋರಾ ಎದುರಿನ ಗೋಡೆಯ ಕಡೆ ನೋಡಿದಳು. ಬಿಸಿಲು ಗೋಡೆಯ ಅರ್ಧ ದಾಟಿತ್ತು.

ಹೇಳಿಬಿಡಲೇ? ಹೋದ ವರ್ಷ ತಾತ ಅವಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. “ಇನ್ನೊಂದು ವರ್ಷ ಬೆಳೀಲಿ,” ಎಂದಿದ್ದರು. ಈ ಸಲ ಎಷ್ಟು ಗೋಗರೆದ ಮೇಲೆ ಹೂಂ ಅಂದಿದ್ದರು! ಹೇಳಿದರೆ ಮುಂದಿನ ವರ್ಷವೂ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ.

ಅವಳು ಎದ್ದು ನಿಂತಳು. “ನಾನು... ಸುಮ್ನೆ ಕವಲಿನ ತನಕ ಹೋಗಿ ನೋಡ್ಕೊಂಡ್ ಬರ್ಲಾ?”

“ಒಬ್ಬಳೇ? ಈ ಹೊತ್ನಲ್ಲಿ? ಕೂತ್ಕೋ ಪುಟ್ಟಿ. ಅಮ್ಮ ಏನು ಕಳೆದುಹೋಗೋ ಮಗುವಾ?”

ಕೂತಳು. ಅಮ್ಮನಿಗೆ ಹೇಗೋ ಗೊತ್ತಾಗುತ್ತದೆ ಎಂದುಕೊಂಡಳು. ಅಮ್ಮನಿಗೆ ಎಲ್ಲಾ ಗೊತ್ತಾಗುತ್ತದೆ. ಬಚ್ಚಿಟ್ಟ ಟೆಸ್ಟ್ ಪೇಪರ್ ಕೂಡ.

ಬಿಸಿಲು ಬಿಳಿ ಪಟ್ಟೆಯನ್ನು ಮುಟ್ಟಿತು. ಯಾರೂ ಬರಲಿಲ್ಲ.

ಡಾಲಿನ್ ಪಾತ್ರೆಯ ಕಡೆ ನೋಡಿದ. ಆದರೆ ಅಮ್ಮನ ಪಾಲಿನ ಮಾತು ಎತ್ತಲಿಲ್ಲ. ತಾತ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

“ಹೋಟೆಲಲ್ಲಿ ರಶ್ ಇರಬೇಕು,” ಎಂದರು.

ಬಿಳಿ ಪಟ್ಟೆಯೂ ಮೆಲ್ಲಗೆ ಕಂದಿತು. ದೂರದಲ್ಲೆಲ್ಲೋ ಒಂದು ಕಲ್ಲು ಉರುಳಿದ ಸದ್ದು. ಮೂವರೂ ಕಿವಿ ನಿಮಿರಿಸಿದರು. ಹೆಜ್ಜೆ ಸದ್ದು ಬರಲಿಲ್ಲ.

“ತಾತ,” ಎಂದಳು ಕೋರಾ. “ಕವಲಲ್ಲಿ ಗುರುತುಗಲ್ಲು ಇಲ್ಲ.”

“ಏನಂದೆ?”

“ನಾನು ತಗೊಂಡೆ. ನನ್ನ ಗೋಪುರಕ್ಕೆ. ಎಡಗಡೆ ಕೊರಕಲಲ್ಲಿ ಏಳು ಗೋಪುರ ಕಟ್ಟಿದೀನಿ. ಒಂದರಿಂದ ಒಂದು ಕಾಣೋ ಹಾಗೆ.” ಕಣ್ಣಿಂದ ನೀರು ತಾನಾಗಿಯೇ ಇಳಿಯತೊಡಗಿತು. “ಅಮ್ಮ ಅದನ್ನೇ ನೋಡ್ಕೊಂಡು ಹೋಗಿರ್ತಾಳೆ.”

ಡಾಲಿನ್ ಬಾಯಿ ತೆರೆದ. ತಾತ ಕೈ ಎತ್ತಿ ಅವನನ್ನು ತಡೆದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಕೋರಾಳಿಗೆ.

“ಎಷ್ಟು ಮೇಲಿನ ತನಕ ಕಟ್ಟಿದೀಯ?”

“ಒಣಗಿದ ಜುನಿಪರ್ ಮರ ಇದೆಯಲ್ಲ, ಅಲ್ಲೀ ತನಕ.”

ತಾತನ ಮುಖ ಬದಲಾಯಿತು. “ಬರುವಾಗ ನೋಡಿದ್ದೆ, ಆ ಮರದ ಕೆಳಗಿನ ಬಂಡೆ ಹತ್ತೋಕೆ ಸುಲಭ,” ಎಂದರು ತಮ್ಮಷ್ಟಕ್ಕೇ. “ಇಳಿಯೋಕಲ್ಲ.”

ಟಾರ್ಚ್, ನೀರಿನ ಬಾಟಲಿ, ಸೀಟಿ. ಅಷ್ಟನ್ನೇ ತೆಗೆದುಕೊಂಡು ಹೊರಟರು. ತಾತನ ಮೊಣಕಾಲು ಒಂದೊಂದು ಹೆಜ್ಜೆಗೂ ಲಟಕ್ ಎನ್ನುತ್ತಿತ್ತು, ಆದರೂ ಅವರು ನಿಲ್ಲಲಿಲ್ಲ.

ಕವಲಿನಲ್ಲಿ ಬಲಗಡೆ ಬರೀ ಬಂಡೆ. ಎಡಗಡೆ ಗೋಪುರಗಳು ಸಾಲಾಗಿ ನಿಂತಿದ್ದವು. ಅಳಿದುಳಿದ ಬೆಳಕಿನಲ್ಲಿ ನಿಜವಾದ ಅರಮನೆಯ ಹಾಗೆಯೇ ಕಾಣುತ್ತಿದ್ದವು. ಅಷ್ಟು ಚೆಂದ ಕಾಣಬಾರದಿತ್ತು ಎನಿಸಿ ಕೋರಾ ಮುಖ ತಿರುಗಿಸಿದಳು.

ಡಾಲಿನ್ ಸೀಟಿ ಊದಿದ. ಆ ಗೋಡೆಗೆ ಬಡಿದು, ಈ ಗೋಡೆಗೆ ಬಡಿದು, ಹತ್ತು ಜನ ಊದಿದ ಹಾಗೆ ಕೇಳಿತು. ಅದೆಲ್ಲ ಅಡಗಿದ ಮೇಲೆ, ಮೇಲಿನಿಂದ ಸಣ್ಣದೊಂದು ಧ್ವನಿ.

“ಕೋರಾ...!”

“ಅಮ್ಮ!” ಡಾಲಿನ್ ಓಡತೊಡಗಿದ. ಕೋರಾ ಅವನ ಹಿಂದೆಯೇ. ಓಡುತ್ತಲೇ ಅವಳಿಗೆ ಒಂದು ವಿಷಯ ಅರ್ಥವಾಗಲಿಲ್ಲ. ದಾರಿ ತಪ್ಪಿದ್ದು ಅಮ್ಮನಿಗೆ. ಅಮ್ಮ ತಾತನ್ನ ಕರೀಬೇಕು. ನನ್ನ ಹೆಸರು ಯಾಕೆ ಕೂಗ್ತಾಳೆ?

ಜಾರುಬಂಡೆಯಂತೆ ಇಳಿಜಾರಾಗಿದ್ದ ದೊಡ್ಡ ಬಂಡೆ. ಅದರ ಮೇಲೆ ಒಣಗಿದ ಜುನಿಪರ್ ಮರ. ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಮ್ಮ. ಹೋಟೆಲಿನ ಏಪ್ರನ್ ಇನ್ನೂ ಸೊಂಟದಲ್ಲೇ ಇತ್ತು. ಕಾಲಲ್ಲಿ ಪಾಳಿಯ ನುಣುಪು ಬೂಟು.

“ಅಮ್ಮಾ!”

ಅಮ್ಮ ಬಗ್ಗಿ ನೋಡಿದಳು. “ಕೋರಾ? ನೀನು ಕೆಳಗಿದೀಯಾ?” ಅವಳ ಧ್ವನಿ ಒಡೆಯಿತು. “ಅಯ್ಯೋ, ನಾನು ಮೇಲೆಲ್ಲಾ ಹುಡುಕಿದೆ ಕಣೆ!”

“ಲಿಯಾನ್, ಅಲ್ಲಾಡಬೇಡ!” ಏದುಸಿರು ಬಿಡುತ್ತಾ ಬಂದ ತಾತ ಕೂಗಿದರು. “ಆ ಬೂಟಲ್ಲಿ ಬಂಡೆ ಮೇಲೆ ಕಾಲಿಡಬೇಡ!”

“ಒಂದ್ಸಲ ಇಟ್ಟು ನೋಡಿದೆ ಅಪ್ಪ. ಸೊಂಯ್ ಅಂತ ಜಾರ್ತು. ಆಮೇಲೆ ಮರ ಬಿಟ್ಟಿಲ್ಲ.”

“ನಾನು ಹತ್ತಿ ಹೋಗ್ತೀನಿ,” ಎಂದ ಡಾಲಿನ್.

“ಹತ್ತಿ ಏನ್ ಮಾಡ್ತೀಯ? ಅಲ್ಲೇ ಇಬ್ಬರಾಗ್ತೀರಿ.”

ತಾತ ಟಾರ್ಚನ್ನು ಬಂಡೆಯ ಮೇಲೆ ಅತ್ತಿತ್ತ ಹಾಯಿಸಿದರು. ಕೋರಾ ಅವರ ತೋಳು ಹಿಡಿದಳು.

“ತಾತ, ನಾನು ಇದರ ಮೇಲಿಂದ ಇಳಿದೇ ಇಲ್ಲ. ಮರದ ಹಿಂದೆ ಒಂದು ಸಂದು ಇದೆ. ಮೇಲಿಂದ ಕಾಣಲ್ಲ, ಪೊದೆ ಇದೆ. ಅದರೊಳಗೆ ಬೆನ್ನು ಒತ್ತಿಕೊಂಡು ಇಳಿದೆ.”

ತಾತ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಟಾರ್ಚನ್ನು ಅವಳ ಕೈಗೆ ಕೊಟ್ಟರು. “ಹೇಳು ಅಮ್ಮನಿಗೆ. ನಿಧಾನ. ಒಂದೊಂದೇ ಮಾತು.”

ಕೋರಾ ಎರಡೂ ಕೈಯಲ್ಲಿ ಟಾರ್ಚ್ ಹಿಡಿದು ಮರದ ಬುಡಕ್ಕೆ ಬೆಳಕು ಬಿಟ್ಟಳು.

“ಅಮ್ಮ, ಬೂಟು ಬಿಚ್ಚಿ ಕೆಳಗೆ ಹಾಕು. ಮರ ಬಿಡದೇ ಹಿಂದಕ್ಕೆ ತಿರುಗು. ಪೊದೆ ಇದೆಯಲ್ಲ, ಅದನ್ನ ಸರಿಸು.”

“ಸರಿಸಿದೆ. ಇಲ್ಲಿ ಏನೂ ಇಲ್ಲ, ಬರೀ ಕತ್ತಲೆ.”

“ಆ ಕತ್ತಲೆಗೇ ಕಾಲು ಬಿಡು.”

ಅಮ್ಮನ ಒಂದು ಬರಿಗಾಲು ಪೊದೆಯ ಹಿಂದೆ ಇಳಿಯಿತು. ಅಷ್ಟರಲ್ಲಿ ಇನ್ನೊಂದು ಕಾಲು ಯಾವುದಕ್ಕೋ ತಗುಲಿತು. ಏಳನೇ ಗೋಪುರ! ಕಲ್ಲುಗಳು ಧಡಧಡನೆ ಬಂಡೆಯ ಮೇಲೆ ಜಾರಿ ಬಂದವು. ತಾತ ಮಕ್ಕಳಿಬ್ಬರನ್ನೂ ಗೋಡೆಗೆ ಒತ್ತಿ ಹಿಡಿದರು. ಚಪ್ಪಟೆಯಾದದ್ದೊಂದು ಟಣ್ ಟಣ್ ಎಂದು ಪುಟಿಯುತ್ತಾ ಬಂದು ಕೋರಾಳ ಬೂಟಿನ ಹತ್ತಿರ ನಿಂತಿತು.

“ಅಮ್ಮ?”

ಉತ್ತರವಿಲ್ಲ.

“ಅಮ್ಮಾ!”

“ಇದೀನಿ,” ಎಂದಿತು ಸಂದಿನೊಳಗಿನಿಂದ ಧ್ವನಿ. “ಮುಂದೆ ಹೇಳು.”

“ಬೆನ್ನು ಒತ್ತು. ಮೊಣಕಾಲು ಎದುರಿನ ಗೋಡೆಗೆ ಕೊಡು. ಈಗ ಎಡಗಾಲು ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ. ಅಲ್ಲೊಂದು ಮೆಟ್ಟಿಲಿನಂಥದ್ದು ಇದೆ. ಸಿಕ್ತಾ?”

“ಸಿಕ್ತು.”

ಕೊನೆಯ ಸ್ವಲ್ಪ ದೂರ ಅಮ್ಮ ಹೆಚ್ಚುಕಡಿಮೆ ಬಿದ್ದೇ ಬಂದಳು. ಡಾಲಿನ್ ಹಿಡಿದುಕೊಂಡ. ಅವಳ ಮೊಣಕೈ ತರಚಿ ರಕ್ತ ಬಂದಿತ್ತು, ಕೂದಲ ತುಂಬ ಮುಳ್ಳುಕಡ್ಡಿ. ಅವಳು ಕೋರಾಳ ಎರಡೂ ಭುಜ ಹಿಡಿದು, ಕೈ ಮುಟ್ಟಿ, ಕೆನ್ನೆ ಮುಟ್ಟಿ ನೋಡಿದಳು, ಬಿದ್ದಿದ್ದು ಕೋರಾ ಎಂಬಂತೆ.

“ನಿಂಗೆ ಗೊತ್ತಾಗ್ಲಿಲ್ವಾ ಅಮ್ಮ? ಅದು ತಾತನ ಕಲ್ಲಲ್ಲ ಅಂತ?”

“ಮೊದಲನೇದು ನೋಡಿದ ತಕ್ಷಣ ಗೊತ್ತಾಯ್ತು,” ಎಂದಳು ಅಮ್ಮ. “ನಿಮ್ಮ ತಾತ ಮೂರರ ಮೇಲೆ ನಾಲ್ಕನೇ ಕಲ್ಲು ಇಟ್ಟೋರಲ್ಲ. ಇಷ್ಟು ಚೆಂದದ ಗೋಪುರ ಇನ್ಯಾರು ಕಟ್ತಾರೆ? ನೀನೊಬ್ಬಳೇ ಕಟ್ತಾ ಕಟ್ತಾ ಮೇಲೆ ಹೋಗಿಬಿಟ್ಟಿದೀಯ ಅಂದ್ಕೊಂಡೆ. ಮತ್ತೆ ನಾನು ಹೇಗೆ ವಾಪಸ್ ಹೋಗ್ಲಿ ಹೇಳು?”

ಕೋರಾ ಬಗ್ಗಿ ಆ ಕರೀ ಕಲ್ಲನ್ನು ಎತ್ತಿಕೊಂಡಳು. ಟೆಂಟಿನ ತನಕ ಅದನ್ನು ಎದೆಗೆ ಒತ್ತಿಕೊಂಡೇ ನಡೆದಳು.

ಪೀಚ್ ಅಡಿ ಹಿಡಿದು ಕರಕಲಾಗಿತ್ತು. ಡಾಲಿನ್ ಮೇಲಿನ ಒಳ್ಳೆಯ ಭಾಗವನ್ನೆಲ್ಲ ಅಮ್ಮನ ತಟ್ಟೆಗೆ ಬಡಿಸಿ, ತಾನು ತಳ ಕೆರೆದು ತಿಂದ. ಸೀದದ್ದೇ ರುಚಿ ಎಂದು ಸುಳ್ಳು ಹೇಳಿದ.

ಬೆಳಿಗ್ಗೆ ತಾತ ಕೋರಾಳನ್ನು ಎಬ್ಬಿಸಿದರು. “ಬಾ, ಬಾಡಿಗೆ ಕಟ್ಟೋಣ.”

ಇಬ್ಬರೂ ಕೊರಕಲಿಗೆ ಹೋಗಿ ಗೋಪುರಗಳನ್ನು ಒಂದೊಂದಾಗಿ ಬಿಚ್ಚಿದರು.

“ಹಾಗೆ ಎಸೀಬೇಡ. ಕಲ್ಲಿಗೂ ಬೆನ್ನು ಹೊಟ್ಟೆ ಇರುತ್ತೆ, ನೋಡು. ಬಿಸಿಲು ಕಾಯಿಸಿಕೊಂಡ ಬೆನ್ನು ಕಪ್ಪು. ಮಣ್ಣಿಗೆ ಒರಗಿದ ಹೊಟ್ಟೆ ಬಿಳಿ. ಬೆನ್ನು ಮೇಲೆ ಮಾಡಿ ಮಲಗಿಸು.”

ಕೋರಾ ಒಂದೊಂದನ್ನೂ ತಿರುಗಿಸಿ ನೋಡಿ, ನೆಲದಲ್ಲಿ ಅದು ಬಿಟ್ಟುಬಂದ ಗುಳಿ ಹುಡುಕಿ ಮಲಗಿಸಿದಳು. ಕೆಲವಕ್ಕೆ ಗುಳಿ ಸಿಗಲಿಲ್ಲ. ಅಂಥವನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಹುಡುಕಿದಳು. ತಾತ ಅವಸರ ಮಾಡಲಿಲ್ಲ.

ಅಮ್ಮ ಇವತ್ತೂ ಪಾಳಿಗೆ ಹೋಗಿ ಸಂಜೆ ವಾಪಸ್ ಬರಬೇಕಿತ್ತು. ಕವಲಿಗೆ ಬಂದಾಗ ತಾತ ಬಲಗಡೆಯ ಬಂಡೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡರು. “ನೀನೇ ಇಡು,” ಎಂದರು.

“ನಾನಾ?”

“ಮತ್ಯಾರು? ನನಗೆ ಬಗ್ಗೋಕಾಗಲ್ಲ.”

ಕೋರಾ ಉರುಳಿಬಿದ್ದಿದ್ದ ಎರಡು ಕಲ್ಲನ್ನು ತಂದು ಇಟ್ಟಳು. ಅಲುಗಿಸಿ ನೋಡಿದಳು. ಅವುಗಳ ಮೇಲೆ ಕರೀ ಕಲ್ಲು. ಹಿಂದೆ ಹಿಂದೆ ನಡೆದು, ದಾರಿಯ ತಿರುವಿನಲ್ಲಿ ಒಂದು ಬಂಡೆ ಹತ್ತಿ, ಅಮ್ಮನಷ್ಟು ಎತ್ತರಕ್ಕೆ ನಿಂತು ನೋಡಿದಳು. ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ, ಕತ್ತಲಾಗುತ್ತಿದೆ ಎಂದುಕೊಂಡು ನೋಡಿದಳು. ಆಗಲೂ ಕಾಣುತ್ತಿತ್ತು.

ಇಳಿದು ಬರುವಾಗ ಕಾಲ ಬಳಿ ಒಂದು ಕೆಂಪು ಹರಳು ಹೊಳೆಯಿತು. ದುಂಡಗೆ, ನುಣ್ಣಗೆ, ದಾಳಿಂಬೆ ಕಾಳಿನ ಹಾಗೆ. ಕರೀ ಕಲ್ಲಿನ ಮೇಲೆ ಇಟ್ಟರೆ ಎಷ್ಟು ಒಪ್ಪುತ್ತದೆ! ಕೋರಾ ಅದನ್ನು ಎತ್ತಿಕೊಂಡು, ಮೂರು ಕಲ್ಲುಗಳ ಮುಂದೆ ಬಂದು ನಿಂತಳು.

‘ಒಂದು, ಎರಡು, ಮೂರು’ ಎಂದು ಎಣಿಸಿದಳು.

ಆಮೇಲೆ ತಿರುಗಿ ಹೋಗಿ, ಹರಳನ್ನು ಅದು ಇದ್ದ ಗುಳಿಯಲ್ಲೇ, ಬೆನ್ನು ಮೇಲೆ ಮಾಡಿ ಮಲಗಿಸಿದಳು.