ಓಝೋನ್ ಕೋಣೆಯ ಬಾಗಿಲು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಓಡಿಬಂದ ಹೆಂಗಸಿನ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಬಿತ್ತೋ ಅವಳಿಗೇ ಗೊತ್ತಿರಲಿಲ್ಲ. ಓಝೋನ್ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದವಳು. ಡಾಕ್ಟರನ್ನು ಯಾರೋ ಬಡಿದು ಕೊಂದುಹಾಕಿದ್ದಾರೆ ಎಂದವಳೇ ಬೆಂಚಿನ ಮೇಲೆ ಕುಸಿದಳು. ಬರಹಗಾರ ಪೇದೆ ದೂರು ಬರೆದುಕೊಂಡ, ಕೊಲೆ ಪ್ರಕರಣದ ಎಫ್‌ಐಆರ್ ದಾಖಲಾಯಿತು, ಇನ್ಸ್‌ಪೆಕ್ಟರ್ ಅರ್ಧ ಕುಡಿದ ಚಹಾ ಬಿಟ್ಟು ಎದ್ದಳು.

ಸತ್ತವನನ್ನು ಊರೆಲ್ಲ ‘ಗಾಳಿ ಡಾಕ್ಟರ್’ ಎನ್ನುತ್ತಿತ್ತು. ಆಮ್ಲಜನಕವನ್ನು ಯಂತ್ರದೊಳಗೆ ಹಾಯಿಸಿ ಓಝೋನ್ ಮಾಡುವುದು, ರೋಗಿಯ ರಕ್ತ ತೆಗೆದು ಬಾಟಲಿಯಲ್ಲಿ ಆ ಅನಿಲದ ಜೊತೆ ಕುಲುಕಿ ಮತ್ತೆ ಮೈಗೆ ಏರಿಸುವುದು, ಇದು ಅವನ ಚಿಕಿತ್ಸೆ. ಅವನು ಏನು ಓದಿದ್ದನೋ ದೇವರೇ ಬಲ್ಲ. ವಾಸಿಯಾಗುವ ಕಾಯಿಲೆಗಳ ಹೆಸರು ಬೋರ್ಡಿನ ಮೇಲಿಂದ ಕೆಳಗಿನವರೆಗೆ ತುಂಬಿದ್ದವು. ಬಿಟ್ಟುಹೋಗಿದ್ದು ಸಾವೊಂದೇ.

ಇನ್ಸ್‌ಪೆಕ್ಟರ್ ಓಝೋನ್ ಕೊಡುವ ಕೋಣೆಯೊಳಗೆ ಕಾಲಿಟ್ಟಳು. ಹದಿನೈದು ವರ್ಷದ ನೌಕರಿಯಲ್ಲಿ ಇಷ್ಟು ಸಿಟ್ಟನ್ನು ಅವಳು ಕಂಡಿರಲಿಲ್ಲ. ಚಿಕಿತ್ಸೆಯ ಕುರ್ಚಿ ಮಗುಚಿತ್ತು, ಗಾಜಿನ ಬಾಟಲಿಗಳು ಪುಡಿಯಾಗಿದ್ದವು, ನೆತ್ತರು ಸೀಲಿಂಗಿನವರೆಗೆ ಚಿಮ್ಮಿ ಒಣಗಿತ್ತು. ತಲೆಬುರುಡೆ ಒಳಗೆ ಕುಸಿದು, ದವಡೆ ಕಿತ್ತು ಒಂದು ಪಕ್ಕಕ್ಕೆ ಸರಿದಿತ್ತು. ಫೋನು, ಕೈಗಡಿಯಾರ ಇದ್ದಲ್ಲೇ ಇದ್ದವು. ಆದರೆ ಅವಳ ಕಣ್ಣು ನಿಂತಿದ್ದು ಎಡಗೈಯ ಮೇಲೆ. ಮೂರು ಬೆರಳು ಜಜ್ಜಿಹೋಗಿದ್ದವು, ಇನ್ನೆರಡು ನೆಟ್ಟಗಿದ್ದವು. ಮೇಜಿನ ಅಂಚಿನಲ್ಲಿ ಭಾರವಾದ ಕಬ್ಬಿಣದಿಂದ ಬಡಿದ ಮೂರು ಗುಂಡಿ ಬಿದ್ದಿದ್ದವು. ಕೊಲ್ಲಲು ಬಂದವನು ಬೆರಳು ಯಾಕೆ ಜಜ್ಜುತ್ತಾನೆ? ಏನೋ ಕೇಳಿದ್ದಾನೆ. ಮೂರನೇ ಬೆರಳಿಗೆ ಉತ್ತರ ಸಿಕ್ಕಿದೆ, ಆಮೇಲೆ ಮುಗಿಸಿದ್ದಾನೆ.

ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೆಬಲ್ ಅಳತೆಯ ಟೇಪು ಹಿಡಿದು ಬಾಗಿಲ ಬಳಿ ಬಗ್ಗಿದ್ದ. ಕುಳ್ಳನಾದ್ದರಿಂದ ಠಾಣೆಯವರು ಪ್ರೀತಿಯಿಂದ ‘ಆರಡಿ’ ಎಂದು ಕರೆಯುತ್ತಿದ್ದರು. ಸ್ಪ್ರಿಂಗ್ ಹಾಕಿದ ಭಾರದ ಬಾಗಿಲು ತಾನೇ ಮುಚ್ಚಿಕೊಳ್ಳುತ್ತ ಅವನ ಬೆನ್ನಿಗೆ ಎರಡು ಸಲ ಗುದ್ದಿತು. ಈ ಬಾಗಿಲಿಗೂ ತನಗೂ ಯಾವ ಜನ್ಮದ ಹಗೆಯೋ ಎಂದು ಅವನು ಗೊಣಗಿದ. ಹೊರಗೆ ಹೇಳಿಕೆ ಕೊಡುತ್ತಿದ್ದ ಸಹಾಯಕಿ ಅತ್ತ ನೋಡದೆಯೇ, ಅದಕ್ಕೆ ಸಿಲಿಂಡರ್ ಕ್ಯಾಪ್ ಒತ್ತು ಕೊಡಬೇಕು, ಅಲ್ಲೇ ಕೆಳಗಿರುತ್ತದೆ ನೋಡಿ ಎಂದಳು. ಸಿಲಿಂಡರಿನ ತಲೆಗೆ ತಿರುಪುವ ಆ ಕಬ್ಬಿಣದ ಮುಚ್ಚಳವನ್ನು ಇಲ್ಲಿನವರು ಸಿಲಿಂಡರ್ ಬಂದ ದಿನದಿಂದ ಬಾಗಿಲಿಗೆ ಒತ್ತಾಗಿಯೇ ಇಟ್ಟಿದ್ದರಂತೆ. ಆರಡಿ ಮಂಡಿಯೂರಿ ಮೇಜಿನಡಿ, ಕುರ್ಚಿಯಡಿ ಎಲ್ಲ ಹುಡುಕಿದ. ಸಿಗಲಿಲ್ಲ. ಸಹಾಯಕಿಯ ಹೇಳಿಕೆ ಮುಗಿಯಿತು. ಅವಳನ್ನು ಮನೆಗೆ ಕಳಿಸಿದರು.

ಕ್ಯಾಪ್ ಸಿಕ್ಕಿತು. ಅದು ಇರಬೇಕಾದ ಜಾಗದಲ್ಲೇ ಇತ್ತು. ಮೂಲೆಯ ಸಿಲಿಂಡರಿನ ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ರೆಗ್ಯುಲೇಟರನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟಿತ್ತು. ಕ್ಯಾಪ್ ತಿರುಪಿ, ಸರಪಳಿ ಸುತ್ತಿ ಗೋಡೆಯ ಕೊಂಡಿಗೆ ಸಿಕ್ಕಿಸಿತ್ತು. ಇಡೀ ಕೋಣೆ ಕಸಾಯಿಖಾನೆ, ಈ ಮೂಲೆಯೊಂದು ಮಾತ್ರ ಅಚ್ಚುಕಟ್ಟು! ಫೋಟೋ ತೆಗೆದ ಮೇಲೆ ಕೈಗವಸು ಹಾಕಿ ಕ್ಯಾಪ್ ಬಿಚ್ಚಿದರು. ಒಳ ಅಂಚಿನಲ್ಲಿ ರಕ್ತದ ಹೆಬ್ಬೆಟ್ಟಿನ ಗುರುತು ಮೂಡಿತ್ತು.

ಮನುಷ್ಯನನ್ನು ಬಡಿದು ಕೊಂದ ಕೈ ಅದೇ ಉಸಿರಲ್ಲಿ ಇಷ್ಟೆಲ್ಲ ಮಾಡಿದೆ ಎಂದರೆ ಅದು ತಲೆ ಹೇಳಿದ ಕೆಲಸವಲ್ಲ, ದಿನವೂ ಸಿಲಿಂಡರ್ ಮುಟ್ಟುವ ಕೈಯ ರೂಢಿ. ಇನ್ಸ್‌ಪೆಕ್ಟರ್ ಆರಡಿಯನ್ನು ಕರೆದುಕೊಂಡು ಜೀಪು ಹತ್ತಿದಳು.

ಸಹಾಯಕಿಯ ಮನೆ ಸಂದಿಯೊಳಗೆ. ಜೀಪು ಹೋಗುವುದಿಲ್ಲ, ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದರು. ಅವಳು ಒಬ್ಬಳೇ ಇದ್ದಳು.

“ಸಿಲಿಂಡರ್ ಯಾರು ತರ್ತಾರೆ?”

“ಏಜೆನ್ಸಿಯಿಂದ ಒಬ್ರು ಬರ್ತಾರೆ ಮೇಡಂ. ಅಣ್ಣ ಅಂತೀನಿ ನಾನು.”

“ಕ್ಯಾಪ್ ಯಾರು ಹಾಕ್ತಾರೆ?”

“ನಾವ್ಯಾರೂ ಹಾಕಲ್ಲ. ಅಣ್ಣನೇ ಬೈತಿದ್ರು, ಅದು ಉರುಳಿಬಿದ್ರೆ ಗೋಡೆ ಒಡ್ಕೊಂಡು ಹೋಗುತ್ತೆ, ನಿಮಗೆ ಜೀವದ ಮೇಲೆ ಆಸೆ ಇಲ್ವಾ ಅಂತ...” ಮಾತು ಅಲ್ಲೇ ನಿಂತಿತು.

“ಅವನಿಗೆ ಡಾಕ್ಟರ್ ಮೇಲೆ ಏನು ದ್ವೇಷ?”

ಆಮೇಲೆ ಅವಳು ಬಾಯಿ ಬಿಟ್ಟಳು. ಸಿಲಿಂಡರಿನವನ ಹೆಂಡತಿ ಕಳೆದ ತಿಂಗಳು ಆ ಕುರ್ಚಿಯಲ್ಲೇ ಸತ್ತಿದ್ದಳು. ದೊಡ್ಡ ಕಾಯಿಲೆಯೇನೂ ಇರಲಿಲ್ಲ, ಯಾವಾಗಲೂ ಸುಸ್ತು ಎನ್ನುತ್ತಿದ್ದಳು ಅಷ್ಟೇ. ಅಂದು ರೋಗಿಗಳ ಗದ್ದಲ. ರಕ್ತ ತೆಗೆದು, ಕುಲುಕಿ, ಏರಿಸಲು ಹೊತ್ತಿಲ್ಲವೆಂದು ಡಾಕ್ಟರ್ ಓಝೋನನ್ನು ಸಿರಿಂಜಿನಲ್ಲಿ ತುಂಬಿ ನೇರ ನರಕ್ಕೇ ಕೊಡಿಸಿದ. ಆಕೆ ಎದೆ ಹಿಡಿದುಕೊಂಡಳು, ಕೆಮ್ಮಿದಳು, ಮುಗಿಯಿತು. ಹೃದಯಾಘಾತ ಎಂದು ಹೇಳಿ ಕಳಿಸಿದರು. ದಹನವೂ ಆಯಿತು. ಮೊನ್ನೆ ಆ ಮನುಷ್ಯ ಸಿಲಿಂಡರ್ ಇಳಿಸಿ, ಖಾಲಿ ಕುರ್ಚಿ ನೋಡುತ್ತ ನಿಂತಾಗ ಇವಳಿಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟಳು.

“ಪೂರ್ತಿ ಹೇಳಿದ್ಯಾ?”

“ಡಾಕ್ಟರೇ ಚುಚ್ಚಿದ್ರು ಅಂದೆ.”

“ಚುಚ್ಚಿದ್ದು ಯಾರು?”

ಅವಳು ತನ್ನ ಬಲಗೈ ನೋಡಿಕೊಂಡಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಅರ್ಧ ಸತ್ಯ ಹೇಳಿದ್ದಳು, ಪಾಪಿ. ಮೂರನೇ ಬೆರಳಿಗೆ ಡಾಕ್ಟರ್ ಕೊಟ್ಟ ಉತ್ತರ ಏನೆಂದು ಇನ್ಸ್‌ಪೆಕ್ಟರಿಗೆ ಆಗ ಹೊಳೆಯಿತು. ಚಿಲಕ ಹಾಕು ಎಂದು ಆರಡಿಯತ್ತ ತಿರುಗುವಷ್ಟರಲ್ಲಿ ಕಾಲ ಮೀರಿತ್ತು. ಬಾಗಿಲು ಗೋಡೆಗೆ ಅಪ್ಪಳಿಸಿತು.

ಅಗಲ ಭುಜದ, ನಡುವಯಸ್ಸಿನ ಆಳು. ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್. ಖಾಕಿಯನ್ನು ಅವನು ನೋಡಲೇ ಇಲ್ಲ, ಅವನ ಕಣ್ಣು ಸಹಾಯಕಿಯೊಬ್ಬಳ ಮೇಲಿತ್ತು.

“ಮೂರನೇ ಬೆರಳಿಗೆ ನಿನ್ನ ಹೆಸರು ಹೇಳ್ದ ಕಣೇ. ಅಣ್ಣಾ ಅಂತಿದ್ದೆಯಲ್ಲೇ ನನ್ನ.”

ಅವನು ಸ್ಪ್ಯಾನರ್ ಬೀಸಿದ. ಆರಡಿ ನಡುವೆ ನುಗ್ಗಿ ಕೈ ಅಡ್ಡ ಕೊಟ್ಟ. ಮೂಳೆ ಲಟಕ್ಕೆಂದು ಮುರಿದ ಸದ್ದು ಎಲ್ಲರಿಗೂ ಕೇಳಿತು. ಎರಡನೇ ಏಟು ಸಹಾಯಕಿಯ ಕಿವಿಯ ಪಕ್ಕ ಗೋಡೆಗೆ ಬಿದ್ದು ಗಾರೆ ಉದುರಿತು. ಇನ್ಸ್‌ಪೆಕ್ಟರ್ ಲಾಠಿಯಿಂದ ಅವನ ಮಂಡಿಗೆ ಕೊಟ್ಟಳು, ಅವನು ಬಗ್ಗಲಿಲ್ಲ. ಮಣಿಕಟ್ಟಿಗೆ ಕೊಟ್ಟಳು, ಸ್ಪ್ಯಾನರ್ ಬಿತ್ತು. ಅವನು ಬರಿಗೈಯಲ್ಲೇ ಸಹಾಯಕಿಯ ಕತ್ತು ಹಿಡಿದ. ಆರಡಿ ಮುರಿದ ಕೈ ಜೋತಾಡಿಸಿಕೊಂಡೇ ಅವನ ಬೆನ್ನೇರಿ, ಇರುವ ಒಂದು ತೋಳಲ್ಲಿ ಕತ್ತು ಬಿಗಿದ. ಇನ್ಸ್‌ಪೆಕ್ಟರ್ ಲಾಠಿಯ ಹಿಡಿಯಿಂದ ಅವನ ಹಣೆಗೆ ಮತ್ತೆ ಮತ್ತೆ ಬಡಿದಳು, ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಆ ಹೆಂಗಸು ತನ್ನ ಕಣ್ಣೆದುರೇ ಸಾಯುತ್ತಾಳೆ ಎಂಬ ಹೆದರಿಕೆ. ಕೊನೆಗೆ ಬೆರಳುಗಳು ಸಡಿಲವಾದವು. ಮೂವರೂ ನೆಲಕ್ಕೆ ಬಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಕೈಕೋಳ ಬಿತ್ತು.

ಸ್ಪ್ಯಾನರ್ ವಶಕ್ಕೆ ಪಡೆದರು. ಹೆಬ್ಬೆಟ್ಟಿನ ಗುರುತು ತಾಳೆಯಾಯಿತು. ಹೆಂಡತಿಯ ಸಾವಿನ ಬಗ್ಗೆ ಇನ್ಸ್‌ಪೆಕ್ಟರ್ ಎರಡನೇ ಎಫ್‌ಐಆರ್ ಹಾಕಿಸಿದಳು. ಅದರಲ್ಲಿ ಆರೋಪಿಯ ಜಾಗಕ್ಕೆ ಬೆಳಿಗ್ಗೆಯ ದೂರುದಾರಳ ಹೆಸರೇ ಬಂತು. ಕತ್ತು ಊದಿ ಮಾತು ಹೊರಡದ ಸಹಾಯಕಿ ಹೌದೆಂದು ತಲೆಯಾಡಿಸಿದಳು.

ಸಂಜೆ ಹೇಳಿಕೆಗೆ ಕೂರಿಸಿದಾಗ ಸಿಲಿಂಡರಿನವನು ಯಾವುದನ್ನೂ ಮುಚ್ಚಿಡಲಿಲ್ಲ. ಕ್ಯಾಪ್ ಯಾಕೆ ಹಾಕಿದೆ ಎಂದಾಗ ಮಾತ್ರ ಕಕ್ಕಾಬಿಕ್ಕಿಯಾದ. ಹಾಕಿದ್ದು ನೆನಪೇ ಇಲ್ಲ ಎಂದ. ಬರೆಯುವುದೆಲ್ಲ ಮುಗಿದಿತ್ತು. ಇನ್ಸ್‌ಪೆಕ್ಟರ್ ಸುಮ್ಮನೆ ಏಳಬಹುದಿತ್ತು. ಆದರೂ ಕೇಳಿದಳು:

“ನಿನ್ನ ಹೆಂಡತೀನ ಅಲ್ಲಿಗೆ ಕರ್ಕೊಂಡು ಹೋಗಿದ್ದು ಯಾರು?”

“ನಾನೇ. ಸೂಜಿ ಅಂದ್ರೆ ಅವಳಿಗೆ ಭಯ. ಕುರ್ಚೀಲಿ ಕೂತ್ಕೊಂಡು ಮೂಲೆ ಕಡೆ ಕೈ ತೋರ್ಸಿ, ಆ ಸಿಲಿಂಡರ್ ನೀವು ಹೊತ್ತು ತಂದಿದ್ದೇನ್ರೀ ಅಂತ ಕೇಳಿದ್ಲು. ಹೂಂ ಅಂದೆ. ಹಾಗಾದ್ರೆ ಭಯ ಇಲ್ಲ, ನೀವು ಹೋಗಿ ಗಾಡಿ ಖಾಲಿ ಮಾಡ್ಕೊಂಡು ಬನ್ನಿ ಅಂದ್ಲು. ಹೋದೆ.”

ಬರಹಗಾರ ಪೇದೆ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಅದನ್ನೂ ಬರೆದುಕೊಂಡು ಓದಿ ಹೇಳಿದ, ಸಿಲಿಂಡರಿನವನು ಸರಿ ಇದೆ ಎಂದು ಸಹಿ ಹಾಕಿದ.