ಆ ಹೆಬ್ಬಾತು ತಾನಾಗಿ ಹಾರಲಿ

"ಚಪ್ಪಾಳೆ ಹೊಡೆದ್ರೆ ನೋಡ್ರಿ!"

ಕೆರೆ ದಂಡೆಯಲ್ಲಿ, ಮಲಗಿದ ಹಕ್ಕಿಗಳನ್ನು ಎಬ್ಬಿಸಲು ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಮಣಿಕಟ್ಟನ್ನು ಪಾಲಮ್ಮ ಬಿಗಿಯಾಗಿ ಹಿಡಿದಿದ್ದಳು. ಹಿಡಿದ ಮೇಲೆ ಎದೆ ಧಸಕ್ಕೆಂದಿತು... ಎಂದೂ ನೋಡಿರದ ಗಂಡಸಿನ ಕೈ!

"ನೀವು... ಪಾಲಮ್ಮ?"

"ವಿಶ್ವನಾಥ್ ಮೇಷ್ಟ್ರು ನೀವೇನಾ? ಪರವಾಗಿಲ್ಲ, ಬರೋ ಧೈರ್ಯ ಮಾಡಿದ್ರಲ್ಲ!"

ಹಕ್ಕಿ ಎಣಿಸುವವರ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಂದ ಇವರಿಬ್ಬರದೇ ಜಟಾಪಟಿ. ದೊಡ್ಡಉಳ್ಳಾರ್ತಿಯ ಕುರಿಗಾರರ ಮನೆಯ ಈ ಹುಡುಗಿ, ಕೆರೆಗೆ ಬಂದ ಪಟ್ಟೆತಲೆ ಹೆಬ್ಬಾತುಗಳಲ್ಲಿ ಒಂದು ವಿಚಿತ್ರದ್ದನ್ನು ಕಂಡಿದ್ದಳು. ಉಳಿದವಕ್ಕೆ ತಲೆಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಇದಕ್ಕೆ ಒಂದೇ ಪಟ್ಟೆ, ಅದೂ ಮಾಸಲು. ಕೊಕ್ಕು ಗುಲಾಬಿ!

'ಬೂದು ಹೆಬ್ಬಾತಿನ ಜೊತೆ ಬೆರೆತ ತಳಿ ಇರಬಹುದು' ಎಂದು ಬರೆದಳು. ಗುಂಪಿನ ಹಕ್ಕಿಪಟ್ಟಿ ತಿದ್ದುವ ಚಳ್ಳಕೆರೆಯ ವಿಶ್ವನಾಥ್, 'ಯಾರದೋ ಮನೆಯ ಸಾಕು ಬಾತು, ತೆಗೆದುಹಾಕಿ' ಎಂದ.

ತೆಗೆಯಲಿಲ್ಲ! 'ಬಂದು ನೋಡ್ರಿ' ಎಂದಳು. ಜಗಳಕ್ಕಾದರೂ ಸರಿ, ಅವನ ಸಂದೇಶಕ್ಕೆ ಕಾಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಎಬ್ಬಿಸಿ ನೋಡಾನ," ವಿಶ್ವನಾಥ್ ಕೈ ಬಿಡಿಸಿಕೊಂಡ. "ಸಾಕು ಬಾತಾದ್ರೆ ಗುಂಪಿನ ಜತೆ ಹಾರಲ್ಲ. ಒಂದು ನಿಮಿಷದ ಕೆಲಸ."

"ರಾತ್ರಿಯೆಲ್ಲ ಹೊಲದಾಗೆ ಮೇಯ್ದು ಬಂದು ಮಲಗ್ಯಾವೆ. ಸಂಜೆಗೆ ತಾವೇ ಏಳ್ತಾವೆ. ಕಾಯ್ರಿ."

"ಹಾರಲ್ಲ ಅಂತ ಭಯಾನಾ?"

ಪಾಲಮ್ಮನಿಗೆ ಮೈಯೆಲ್ಲ ಉರಿಯಿತು.

"ನನ್ನ ಮಾತು ಸುಳ್ಳಾದ್ರೂ ಆಗ್ಲಿ, ಅವನ್ನ ಎಬ್ಬಿಸೋಕೆ ಬಿಡಲ್ಲ! ಅವಸರ ಇದ್ರೆ ಬಸ್ಸು ಅಲ್ಲೈತೆ!"

ಬಸ್ಸು ಹೋಯಿತು. ವಿಶ್ವನಾಥ್ ಹೋಗಲಿಲ್ಲ. ಮಧ್ಯಾಹ್ನ ಅವಳೇ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟಳು. ಜಗಳ ಏನೇ ಇರಲಿ, ಹೊಟ್ಟೆ ಏನು ಪಾಪ ಮಾಡಿತ್ತು?

ಹೊತ್ತು ಇಳಿಯಿತು. ಕೂಗುತ್ತಾ ಹೆಬ್ಬಾತುಗಳು ಎದ್ದವು. ಹತ್ತು... ಇಪ್ಪತ್ತು... ಎಲ್ಲವೂ!

ಆ ಒಂದನ್ನು ಬಿಟ್ಟು.

ಅಯ್ಯೋ... ಮರ್ಯಾದೆ ಹೋಯಿತು! ಈಗ ನಗುತ್ತಾನೆ, ಊರೆಲ್ಲ ಸಾರುತ್ತಾನೆ. ಪಾಲಮ್ಮನ ಕಣ್ಣು ತುಂಬಿತು.

ಆದರೆ ಪಕ್ಕದಲ್ಲಿ ಕೇಳಿದ್ದು ನಗುವಲ್ಲ. "ಏಳು... ಏಳು ಮಾರಾಯ!" ವಿಶ್ವನಾಥ್ ಗೊಣಗುತ್ತಿದ್ದ.

ಹೆಬ್ಬಾತು ನೀರಿನ ಮೇಲೆ ಓಡಿತು. ರೆಕ್ಕೆ ಬಡಿಯಿತು, ಎದ್ದಿತು, ಗುಂಪಿನ ಬಾಲಕ್ಕೆ ಸೇರಿಕೊಂಡಿತು.

"ಹೋಯ್ತು! ಹೋಯ್ತು!" ವಿಶ್ವನಾಥ್ ಕುಣಿದೇಬಿಟ್ಟ.

"ಸೋತಿದ್ದು ನೀವು. ಕುಣಿಯೋದ್ಯಾಕೆ?"

"ನಾನು ಸೋಲ್ಬೇಕು ಅಂತ ಬೇಡ್ಕೊಂಡಿದ್ದು ಇದೇ ಮೊದ್ಲು, ಪಾಲಮ್ಮ. ನಿನ್ನ ಕಣ್ಣಾಗೆ ನೀರು ನೋಡೋಕಾಗ್ಲಿಲ್ಲ... ತಿಂಗಳಿಂದ ನಿನ್ನ ಸಂದೇಶಕ್ಕೇ ಕಾಯ್ತಿದ್ದೆ. ನಂಗೆ ನೀನು ಬೇಕು."

ಎದೆ ಹೊಡೆದುಕೊಳ್ಳುತ್ತಿದ್ದರೂ ಅವಳು ಬಿಗುಮಾನ ಬಿಡಲಿಲ್ಲ.

"ಮೊದ್ಲು ಗುಂಪಿಗೆ ಬರೀರಿ."

ಬರೆದ. 'ಸಾಕು ಬಾತು ಎಂದದ್ದು ನನ್ನ ತಪ್ಪು. ಬೆರೆತ ತಳಿ ಇರಬಹುದು. ಗುರುತಿಸಿದವರು ಪಾಲಮ್ಮ, ದೊಡ್ಡಉಳ್ಳಾರ್ತಿ.'

"ಈಗ?"

"ಈಗ ಮನೆಗೆ ನಡೀರಿ. ನಂಗೆ ಹೇಳಿದ್ದನ್ನ ನಮ್ಮವ್ವನ ಮುಂದೆ ಹೇಳ್ರಿ."

"ಅವ್ವ ಒಪ್ಪದಿದ್ರೆ?"

ಪಾಲಮ್ಮ ಈಗ ತಾನಾಗಿಯೇ ಅವನ ಕೈ ಹಿಡಿದಳು.

"ತಿಂಗಳೆಲ್ಲ ನಿಮ್ಮ ಜತೆ ಜಗಳ ಆಡ್ದೋಳು... ನಿಮಗೋಸ್ಕರ ಆಡಲ್ವಾ?"